ನೀರಿಗೆ ಒಗ್ಗದ ಲೆನ್ಸು

ಪರದೆಯ ಮೇಲಿನ ಹೂವಿಗೆ ಈಗಷ್ಟೇ ಎಸಳುಗಳಿದ್ದವು, ನಾನೇ ನೋಡಿದ್ದೆ, ಕೆಂಪು ಎಸಳು, ನಡುವೆ ಹಳದಿ ಚುಕ್ಕೆ, ಎಲೆಯ ಅಂಚಿನಲ್ಲಿ ಬಿಚ್ಚಿಕೊಂಡ ದಾರ ಕೂಡ — ಈಗ ಎಸಳಿಲ್ಲ, ಬರೀ ಕೆಂಪು, ಕೆಂಪು ಹರಡುತ್ತಿದೆ, ರೆಪ್ಪೆ ಬಡಿದೆ, ಇನ್ನೊಮ್ಮೆ ಬಡಿದೆ, ಬಡಿದಷ್ಟೂ ಮಂಜು, ಅಯ್ಯೋ ದೇವರೇ ಇವತ್ತೇ ಆಗಬೇಕಿತ್ತಾ ಇದು, ಕೈಯಲ್ಲಿ ಕಾಫಿಯ ಟ್ರೇ, ಪರದೆಯ ಆಚೆ ನನ್ನನ್ನು ನೋಡಲು ಬಂದವರು, ಈಚೆ ನಾನು, ಬೆನ್ನ ಹಿಂದೆ ಅಮ್ಮ, ಹೋಗು ಹೆಣ್ಣೇ ಎಷ್ಟು ಹೊತ್ತು ನಿಲ್ಲುವುದು, ಕಾಫಿ ಆರ್ತದೆ ಅನ್ನುತ್ತ ಸೊಂಟಕ್ಕೆ ಮೆಲ್ಲಗೆ ತಿವಿಯುತ್ತಿದ್ದಾಳೆ, ನಿಲ್ಲಮ್ಮಾ ಒಂದು ನಿಮಿಷ, ಕಣ್ಣಿಗೆ ಏನೋ ಆಗಿದೆ, ಏನೂ ಆಗಿಲ್ಲ, ಹೆದರಿಕೆ ನಿನಗೆ, ಹೋಗು. ಏನೋ ಆಗಿದೆ ಅಂತ ನಾನು ಹೇಳಿದ್ದು ಸುಳ್ಳು, ಏನಾಗಿದೆ ಅಂತ ನನಗೆ ಚೆನ್ನಾಗಿ ಗೊತ್ತು, ಕಾಡಿಗೆ. ಸ್ವಲ್ಪ ಹೊತ್ತಿನ ಮುಂಚೆ ಎಲ್ಲ ಸರಿ ಇತ್ತು, ಕಣ್ಣೊಳಗೆ ಲೆನ್ಸು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದೆ, ಕನ್ನಡಿಗೆ ಮೂಗು ತಾಗಿಸದೆ ನನ್ನ ಮುಖವನ್ನು ನಾನೇ ಪೂರ್ತಿ ನೋಡುವುದು, ಎಂಥ ಮಜಾ ಅದು, ಅಷ್ಟರಲ್ಲಿ ಅಮ್ಮ ಹಿತ್ತಾಳೆ ಕರಡಿಗೆ ಹಿಡಿದುಕೊಂಡು ಬಂದಳು, ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಮಸಿ, ತುಪ್ಪದಲ್ಲಿ ಕಲಸಿದ್ದು, ನನಗೋಸ್ಕರ ಅಂತಲೇ ಮಾಡಿದ್ದು. ಬೇಡಮ್ಮ, ಲೆನ್ಸಿಗೆ ಎಣ್ಣೆ ತಾಗಬಾರದು ಅಂತ ಹೇಳಿದ್ದೇನಲ್ಲ. ಇದರಲ್ಲಿ ಎಣ್ಣೆ ಎಲ್ಲಿ ಉಂಟು ಮಾರಾಯ್ತಿ, ಕಾಡಿಗೆ ಇದು, ಕಣ್ಣಿಗೆ ತಂಪು, ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಹಚ್ಚಿದ್ದೂ ಇದನ್ನೇ, ಕಾಡಿಗೆ ಇಲ್ಲದೆ ಬೋಳು ಕಣ್ಣಲ್ಲಿ ಹೋಗಿ ಕೂತರೆ ನೋಡಿದವರು ಎಂತ ಹೇಳ್ತಾರೆ, ಗಲ್ಲ ಹಿಡಿದಳು, ಅಲುಗಬೇಡ ಅಂದಳು, ಅಮ್ಮ ಗಲ್ಲ ಹಿಡಿದರೆ ನಾನು ಇವತ್ತಿಗೂ ಅಲುಗುವುದಿಲ್ಲ. ಅಮ್ಮನಿಗೆ ಎಣ್ಣೆ ಎಂದರೆ ಬಾಣಲೆಯಲ್ಲಿ ಇರುವುದು, ತಲೆಗೆ ತಿಕ್ಕುವುದು, ಕಾಡಿಗೆ ಎಣ್ಣೆಯಲ್ಲ, ಅದು ಔಷಧಿ, ಅದನ್ನು ಅವಳಿಗೆ ನಮ್ಮ ಲ್ಯಾಬಿನ ಬಸವಂತರಾಯರೇ ಬಂದು ಹೇಳಿದರೂ ತಲೆಗೆ ಹೋಗುವುದಿಲ್ಲ.

ಕನ್ನಡಕ ಹಾಕಿಕೊಂಡೇ ಹೋಗಿಬಿಡಲಾ, ಎಲ್ಲಿಂದ ಹಾಕುವುದು, ಅದನ್ನು ಅಮ್ಮ ಬೆಳಿಗ್ಗೆಯೇ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಿದ್ದಾಳೆ, ಕೊರಗ ಮಾವನ ಅಪ್ಪಣೆ, ಕೊರಗ ಮಾವ ಅಂದರೆ ಅಮ್ಮನ ಅಣ್ಣ, ಈ ಸಂಬಂಧ ತಂದವರು, ಹಿಂದಿನವನ್ನು ತಂದವರೂ ಅವರೇ, ಕನ್ನಡಕದ ಸುದ್ದಿ ಎತ್ತಲೇಬೇಡಿ ಮಾರಾಯ್ರೇ, ಮದುವೆ ಆದ ಮೇಲೆ ಹೇಳಿದರಾಯ್ತು, ಮೈನಸ್ ಒಂಬತ್ತು ಅಂತ ಹಣೆಯ ಮೇಲೆ ಬರೆದುಕೊಂಡು ಕೂತರೆ ಯಾವ ಗಂಡು ಬರ್ತಾನೆ. ಸೋಡಾ ಬುಡ್ಡಿ ಅಂತ ಶಾಲೆಯಲ್ಲಿ ಕರೆಯುತ್ತಿದ್ದರು, ರೈಲ್ವೆ ಮುಷ್ಕರ ಆದ ಬೇಸಿಗೆಯಲ್ಲಿ ಮೊದಲನೆಯವನು ಬಂದಿದ್ದ, ದಾದರಿನಿಂದ ಬಸ್ಸಿನಲ್ಲಿ ಬೆವರಿಕೊಂಡು ಬಂದು ನನ್ನ ಬುಡ್ಡಿ ನೋಡಿ ನೀರು ಕುಡಿದು ಹೋದ, ಆಮೇಲಿನಿಂದ ಬರಿಗಣ್ಣು, ಬರಿಗಣ್ಣಲ್ಲಿ ಹೋಗಿ ತಲೆ ತಗ್ಗಿಸಿ ಕೂತೆ, ನಾಚಿಕೆಯ ಹುಡುಗಿ ಅಂದರು, ನಾಚಿಕೆ ಎಲ್ಲಿಯದು, ತಲೆ ಎತ್ತಿದರೂ ಕಾಣುವುದು ಒಂದು ಬೆಳ್ಳಗಿನ ಮುದ್ದೆ. ಆಮೇಲೆ ಬಂದುಹೋದ ಒಬ್ಬನ ಮುಖವೂ ನನಗೆ ಗೊತ್ತಿಲ್ಲ, ನಾಳೆ ಮುಲುಂಡ್ ಸ್ಟೇಷನ್ನಿನಲ್ಲಿ ಎದುರು ಬಂದರೆ ಅವರಿಗೆ ನಾನು ಗೊತ್ತು, ನನಗೆ ಅವರು ಗೊತ್ತಿಲ್ಲ, ಅದು ಯಾವ ನ್ಯಾಯ, ಯೋಚನೆ ಮಾಡಿದರೆ ಈಗಲೂ ಮೈ ಉರಿಯುತ್ತದೆ. ಈ ಸಲ ಮಾತ್ರ ನನ್ನನ್ನು ನೋಡಲು ಬಂದವನನ್ನು ನಾನೂ ನೋಡಬೇಕು, ಕಣ್ಣಿಗೆ ಕಣ್ಣಿಟ್ಟು ನೋಡಬೇಕು, ನೋಡಿ ಹೂಂ ಅನ್ನಬೇಕು ಇಲ್ಲಾ ಊಹೂಂ ಅನ್ನಬೇಕು, ಇಷ್ಟೇ ನನಗೆ ಬೇಕಾದದ್ದು, ಇಷ್ಟಕ್ಕೇ ಈ ಲೆನ್ಸು, ಇಷ್ಟಕ್ಕೇ ಆ ನೇರಳೆ ಬೆಳಕು.

ಆ ನೇರಳೆ ಎಲ್ಲಿಯೂ ಇಲ್ಲದ ನೇರಳೆ, ಘಾಟ್ಕೋಪರಿನ ನಮ್ಮ ಲ್ಯಾಬಿನಲ್ಲಿ, ಗೋಣಿಚೀಲ ಹಾಸಿದ ಮೇಜಿನ ಮೇಲೆ ಕವುಚಿಟ್ಟ ದೊಡ್ಡ ಗಾಜಿನ ಗಂಟೆಯೊಳಗೆ, ಕೆಳಗೆ ಪಂಪು ಗುಡುಗುಡು ಅನ್ನುತ್ತ ಒಳಗಿನ ಗಾಳಿಯನ್ನು ಎಳೆದು ಎಳೆದು ಹೊರಗೆ ಹಾಕುತ್ತದೆ, ಉಳಿದ ಚೂರುಪಾರು ಗಾಳಿಗೆ ಕರೆಂಟು ಕೊಟ್ಟರೆ ಅದು ಹೊತ್ತಿಕೊಳ್ಳುತ್ತದೆ, ಬೆಂಕಿಯಲ್ಲ, ಬಿಸಿಯೂ ಇಲ್ಲ, ಮೆಲ್ಲಗೆ ನಡುಗುವ ನೇರಳೆ, ಇದಕ್ಕ ಪ್ಲಾಸ್ಮಾ ಅಂತಾರವಾ ಅಂದಿದ್ದರು ಬಸವಂತರಾಯರು ಮೊದಲ ದಿನ, ನಮ್ಮ ಲ್ಯಾಬಿನ ಯಜಮಾನರು, ಗುಲಬರ್ಗಾ ಕಡೆಯವರು, ನೋಡವಾ ಸೇವಂತಿ, ಪ್ಲಾಸ್ಟಿಕ್ಕಿಗೂ ನೀರಿಗೂ ಸುತಾರಾಂ ಆಗಂಗಿಲ್ಲ, ನೀರ ಹನಿ ಹಾಕಿದ್ರ ಗುಂಡಗ ನಿಂತಗೊಂಡ ಬಿಡತದ, ಮೈಗೆ ಹತ್ತಂಗಿಲ್ಲ, ಶಾಯಿನೂ ಹತ್ತಂಗಿಲ್ಲ, ಅದಕ್ಕ ಚೀಲದ ಮ್ಯಾಲೆ ಅಚ್ಚು ಹಾಕಿದ್ರ ಉಗುರಿಗೆ ಬರ್ತದ, ಇದರಾಗ ಒಂದೀಟ ಇಟ್ಟು ತಗದ್ರ ಮ್ಯಾಲಿನ ಚರ್ಮ ಅಷ್ಟ ಬದಲಾಗತದ, ಒಳಗಿಂದು ಹೆಂಗಿತ್ತು ಹಂಗ. ನನ್ನ ಕೆಲಸ ಹನಿ ಹಾಕುವುದು, ಸಿರಿಂಜಿನಿಂದ ಒಂದು ಹನಿ, ಪಕ್ಕದಿಂದ ಪುಟ್ಟ ದುರ್ಬೀನಿನಲ್ಲಿ ನೋಡುವುದು, ಹನಿ ಎದ್ದು ಕೂತಿದೆಯೋ ಮಲಗಿದೆಯೋ, ಎಷ್ಟು ಮಲಗಿದೆ, ದಿನವಿಡೀ ಹನಿ, ಹನಿಯ ಅಂಚು, ಹತ್ತಿರದ್ದು ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ದೂರದ್ದೇ ನನ್ನ ಶತ್ರು. ಲೆನ್ಸು ತಂದದ್ದು ಗ್ರಾಂಟ್ ರೋಡಿನಿಂದ, ಅಪ್ಪ ಗಲ್ಲಾದಲ್ಲಿ ಕೂರುವ ಹೊಟೇಲಿನ ಎದುರೇ ಕನ್ನಡಕದ ಅಂಗಡಿ, ಅಂಗಡಿಯವನು ದಿನಾ ಅಪ್ಪನ ಹತ್ತಿರ ಇಡ್ಲಿ ತಿನ್ನುವವ, ಬೇಟಿ ಕೆ ಲಿಯೇ ಲೇ ಜಾವ್ ಶೇಟ್, ವಿಲಾಯ್ತಿ ಚೀಜ್ ಹೈ ಅಂದ, ಮಗಳಿಗೆ ಒಯ್ಯಿ, ವಿಲಾಯಿತಿ ಮಾಲು ಅಂತ, ಹಾಕಿಕೊಂಡರೆ ಮೊದಲು ಸ್ವರ್ಗ, ಅರ್ಧ ಗಂಟೆಯಲ್ಲಿ ಮರಳು, ಕಣ್ಣೊಳಗೆ ಚೌಪಾಟಿಯ ಮರಳೆಲ್ಲ ಹೊಕ್ಕ ಹಾಗೆ, ಆದತ್ ಹೋ ಜಾಯೇಗಾ ಅಂದ, ಎಂತದ್ದು ಅಭ್ಯಾಸ, ಒಂದು ದಿನ ಸಿಟ್ಟು ಬಂದು ಲ್ಯಾಬಿಗೆ ಒಯ್ದು ಆ ಲೆನ್ಸಿನ ಮೇಲೇ ಒಂದು ಹನಿ ಹಾಕಿದೆ — ಎದ್ದು ಕೂತಿತು ಗುಂಡಗೆ. ಓಹೋ ನೀನೂ ಅದೇ ಜಾತಿಯಾ, ನನ್ನ ಕಣ್ಣೀರೂ ನಿನ್ನ ಮೈಗೆ ಆಗುವುದಿಲ್ಲವಾ.

ಸರ್ ಇದನ್ನೂ ಒಂದು ಸಲ ಗಂಟೆಯೊಳಗೆ ಇಡುವಾ ಅಂದೆ, ರಾಯರು ಬಿದ್ದು ಬಿದ್ದು ನಕ್ಕರು, ಆಮೇಲೆ ನಗು ನಿಲ್ಲಿಸಿ ಕಣ್ಣಿನ ಡಾಕ್ಟರನ್ನ ಕೇಳಿ ಬಾ ಮದಲ, ಕಣ್ಣಂದ್ರ ಹುಡುಗಾಟಲ್ಲ ಅಂದರು, ಕೇಳಿ ಬಂದೆ, ಡಾಕ್ಟರು ತಲೆ ಕೆರೆದುಕೊಂಡು ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆ, ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ನೋಡು, ಕೆಂಪಾದರೆ ಓಡಿ ಬಾ ಅಂದಿದ್ದರು. ನೇರಳೆ ಹೊತ್ತಿತು, ನಡುಗಿತು, ಆರಿತು, ಲೆನ್ಸು ನೋಡಲು ಹಾಗೇ ಇತ್ತು, ಏನೂ ಆಗಿಲ್ಲ ಅನ್ನಿಸುವ ಹಾಗೆ, ಹನಿ ಹಾಕಿದೆ, ಹನಿ ಮಲಗಿತು, ಸುಮ್ಮನೆ ಹರಡಿಕೊಂಡು ಇಡೀ ಲೆನ್ಸಿಗೆ ತೆಳ್ಳಗೆ ಹಾಸಿಕೊಂಡಿತು, ನಾನು ಲ್ಯಾಬಿನಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ. ಹಿಗ್ಗಬ್ಯಾಡ, ಗಾಳ್ಯಾಗ ಇಟ್ಟಿ ಅಂದ್ರ ಕೆಲವು ದಿನದಾಗ ಮತ್ತ ಹಳೇ ಗುಣಕ್ಕ ಬರ್ತದ, ನೀರಾಗ ಮುಳುಗಿಸಿ ಇಡು, ಎಣ್ಣಿಗಿಣ್ಣಿ ಹತ್ತಿಸಿದಿ ಅಂದ್ರ ಅವತ್ತಿಗೇ ಮುಗೀತು ಕತಿ ಅಂದರು ರಾಯರು. ಆ ಸಂಜೆ ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಕಂಬ ಹಿಡಿದು ನಿಂತು ಬೋರ್ಡುಗಳನ್ನು ಓದಿದ್ದೇ ಓದಿದ್ದು, ವಿಕ್ರೋಲಿ, ಕಾಂಜೂರ್, ಭಾಂಡುಪ್, ದಿನಾ ಕಿವಿಯಿಂದ ಗೊತ್ತು ಮಾಡಿಕೊಳ್ಳುತ್ತಿದ್ದ ಸ್ಟೇಷನ್ನುಗಳು, ಕನ್ನಡಕದ ಅಂಚಿನಲ್ಲಿ ಡೊಂಕಾಗಿ ಕಾಣುತ್ತಿದ್ದ ಕಂಬಗಳೆಲ್ಲ ನೆಟ್ಟಗೆ, ಆಚೆ ಪ್ಲಾಟ್‌ಫಾರ್ಮಿನಲ್ಲಿ ಬಟಾಣಿ ಬಿಡಿಸುತ್ತಿದ್ದ ಹೆಂಗಸಿನ ಮೂಗುಬೊಟ್ಟು, ಗಾಳಿಪಟದ ಬಾಲ, ಅಳು ಬಂತು, ಆ ಕಣ್ಣೀರು ಲೆನ್ಸಿನ ಮೇಲೆ ಎಷ್ಟು ಹಿತವಾಗಿ ಹರಿಯಿತು, ಪಕ್ಕದ ಮೀನಿನ ಬುಟ್ಟಿಯವಳು ಕಾಯ್ ಝಾಲಂ ಗ ಪೋರಿ, ಏನಾಯ್ತೇ ಹುಡುಗಿ ಅಂತ ಕೇಳಿದ್ದಕ್ಕೆ ನಾನು ನಗುತ್ತಾ ಅತ್ತೆ, ಅಷ್ಟು ಖುಷಿ ನನಗೆ ಮೊದಲು ಎಂದೂ ಆಗಿರಲಿಲ್ಲ. ನಿನ್ನೆ ಇವತ್ತಿಗೋಸ್ಕರವೇ ಇನ್ನೊಮ್ಮೆ ನೇರಳೆಯಲ್ಲಿಟ್ಟು ತಂದೆ, ಸೀಸೆಯ ಉಪ್ಪುನೀರಿನಲ್ಲಿ ಮುಳುಗಿಸಿ ಎದೆಗೆ ಒತ್ತಿಕೊಂಡು ತಂದೆ, ಅದಕ್ಕೀಗ ತುಪ್ಪದ ಒಗ್ಗರಣೆ.

ಕೊರಗ ಮಾವನ ಕೆಮ್ಮು, ಕೆಮ್ಮಲ್ಲ ಅದು, ನನ್ನನ್ನು ಕರೆಯುವ ರೀತಿ, ಅಮ್ಮ ಪರದೆ ಸರಿಸಿದಳು, ಬೆನ್ನಿಗೆ ಕೈ ಇಟ್ಟು ದೂಡಿದಳು, ಸರಿ ಹೋದೆ, ಕಾಲಿಗೆ ಚಾಪೆಯ ಅಂಚು ಸಿಕ್ಕಿತು, ಎಡಕ್ಕೆ ಕಿಟಕಿ ಇರಬೇಕು, ಬೆಳಕು ಅಲ್ಲಿಂದ, ಬೆಳಕಿನ ಸುತ್ತ ಬಣ್ಣಬಣ್ಣದ ಬಳೆ, ಎಣ್ಣೆಯ ಬಳೆ, ರಸ್ತೆಯ ಕೊಚ್ಚೆಯ ಮೇಲೆ ಪೆಟ್ರೋಲು ಬಿದ್ದರೆ ಕಾಣುತ್ತದಲ್ಲ ಹಾಗೆ, ಒಂದು ಬಿಳಿ ಅಂಗಿ, ಇನ್ನೊಂದು ಬಿಳಿ ಅಂಗಿ, ಆಚೆ ಹಸಿರು ಸೀರೆ, ಅದು ಅವನ ತಾಯಿ, ಮತ್ತೊಂದು ಬಿಳಿ, ಎಲ್ಲರೂ ಇವತ್ತು ಬಿಳಿಯನ್ನೇ ಹಾಕಬೇಕಾ, ಯಾವುದು ಹುಡುಗ, ಮೊದಲನೆಯದರ ಮುಂದೆ ಬಾಗಿ ಟ್ರೇ ಹಿಡಿದೆ, ತಲೆ ಎತ್ತಿ ನೋಡಿದೆ, ಕಣ್ಣಿಗೆ ಕಣ್ಣಿಟ್ಟು ನೋಡಿದೆ, ಅಲ್ಲಿ ಮಗಾ, ಆಚೆಗೆ ಕೊಡು ಮೊದಲು ಅಂತ ಮೆಲ್ಲಗೆ ಹೇಳಿತು ಆ ಅಂಗಿ, ಅಪ್ಪ! ನನ್ನ ಸ್ವಂತ ಅಪ್ಪ, ಬೆಳಿಗ್ಗೆಯಿಂದ ರಜೆ ಹಾಕಿ ಗೋಳಿಬಜೆ ಕರಿದ ಅಪ್ಪ, ಥೂ ಎಂಥ ಅವಸ್ಥೆ. ಮುಂದಿನ ಅಂಗಿ ಲೋಟ ತೆಗೆದುಕೊಂಡಿತು, ಥ್ಯಾಂಕ್ಸ್ ಅಂದಿತು, ಸೋಪಿನ ವಾಸನೆ, ಅದರ ಅಡಿಯಲ್ಲಿ ಬೇರೆ ವಾಸನೆ, ಮೆಶಿನ್ನಿನದ್ದು, ಇವನೇ ಧರ್ಮಣ್ಣ, ಪರೇಲಿನ ಯಾವುದೋ ಮಿಲ್ಲಿನಲ್ಲಿ ಫಿಟ್ಟರ್ ಅಂತಲ್ಲವಾ ಹೇಳಿದ್ದು, ಮುಖ ಇರಬೇಕಾದಲ್ಲಿ ಒಂದು ಕಂದು ಹೊಗೆ, ಹೊಗೆಗೆ ಮೂಗಿಲ್ಲ ಬಾಯಿಲ್ಲ, ನನಗೆ ಆ ಟ್ರೇಯನ್ನು ನೆಲಕ್ಕೆ ಅಪ್ಪಳಿಸಿಬಿಡುವಷ್ಟು ಸಿಟ್ಟು ಬಂತು.

ಕೂತುಕೋ ಮಗಳೇ ಅಂದಿತು ಹಸಿರು ಸೀರೆ, ಕೂತೆ, ಸುಮ್ಮನೆ ಕೂರಲು ಆಗುತ್ತಿಲ್ಲ, ಲೆನ್ಸು ಒಣಗಿ ರೆಪ್ಪೆಯ ಒಳಮೈಯನ್ನು ಗೀರುತ್ತಿದೆ, ಉಜ್ಜಬಾರದು ಉಜ್ಜಬಾರದು, ಬೆರಳುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ, ಕೆಲಸಕ್ಕೆ ಹೋಗ್ತಾಳಂತಲ್ಲ ಎಂತ ಕೆಲಸ, ಪ್ಲಾಸ್ಟಿಕ್ ಕಂಪೆನಿ ಅಕ್ಕ, ಕೂತು ಮಾಡುವ ಕೆಲಸ, ಉತ್ತರವೆಲ್ಲ ಕೊರಗ ಮಾವನದೇ, ನನಗೆ ನಾಲಿಗೆಯೇ ಇಲ್ಲ, ಹಸಿರು ಸೀರೆ ಗಂಟಲು ಸರಿ ಮಾಡಿಕೊಂಡಿತು, ಹೀಗೆ ಕೇಳಿದೆ ಅಂತ ಬೇಜಾರು ಮಾಡ್ಬೇಡಿ, ಇದಕ್ಕಿಂತ ಮೊದಲು ಒಂದು ಕಡೆ ನೋಡಿದ್ದೆವು, ಹುಡುಗಿಗೆ ಒಂದು ಕಿವಿ ಕೇಳುವುದಿಲ್ಲ, ಹೇಳಲೇ ಇಲ್ಲ ಅವರು, ನನಗೆ ಕಿವಿಯದ್ದಲ್ಲ ಬೇಜಾರು, ಮುಚ್ಚಿಟ್ಟದ್ದು, ಇಲ್ಲಿ ಹಾಗೆಲ್ಲ ಎಂತ ಇಲ್ಲ ಅಲ್ಲವಾ, ಕಿವಿ ಕಣ್ಣು ಎಲ್ಲ ಸರಿ ಉಂಟಲ್ಲ. ಕಣ್ಣಾ! ಕೊರಗ ಮಾವ ಎಷ್ಟು ಜೋರಾಗಿ ನಕ್ಕರೆಂದರೆ ಪರದೆಯ ಹಿಂದೆ ಅಮ್ಮನ ಬಳೆ ಸದ್ದಾಯಿತು, ಸೂಜಿಗೆ ದಾರ ಒಂದೇ ಸರ್ತಿಗೆ ಪೋಣಿಸ್ತಾಳೆ ಅಕ್ಕ ಈ ಹುಡುಗಿ, ಹೇಳಿದ್ದರಲ್ಲಿ ಸುಳ್ಳಿಲ್ಲ, ಪೋಣಿಸುತ್ತೇನೆ, ಸೂಜಿ ಮೂಗಿನ ತುದಿಯಲ್ಲಿದ್ದರೆ ಕತ್ತಲೆಯಲ್ಲೂ ಪೋಣಿಸಿಯೇನು, ಅಪ್ಪನ ಲೋಟ ನೆಲಕ್ಕೆ ತಾಗಿದ ಸದ್ದು. ಆಗ ಉರಿ ತಡೆಯಲಾಗಲಿಲ್ಲ, ಒಂದು ಸಲ ರೆಪ್ಪೆಯನ್ನು ಬಿಗಿಯಾಗಿ ಮುಚ್ಚಿದೆ ಅಷ್ಟೇ, ನೀರು ಬಂತು, ಒಂದು ಕಣ್ಣಲ್ಲ ಎರಡೂ, ಲೆನ್ಸಿಗೆ ಹತ್ತದ ನೀರೆಲ್ಲ ಕೆನ್ನೆಗೆ, ಬಿಸಿಯಾಗಿ, ತಡೆಯಿಲ್ಲದೆ, ತೊಡೆಯ ಮೇಲೆ ಟಪ್ಪಂತ ಬಿತ್ತು ಒಂದು, ಬಗ್ಗಿ ನೋಡಿದರೆ ಹಳದಿ ಸೀರೆಯ ಮೇಲೆ ಕಪ್ಪು ಕಲೆ, ಇನ್ನೊಂದು ಕಪ್ಪು, ಮುಖ ಹೇಗೆ ಕಾಣುತ್ತಿರಬಹುದೋ, ಮೇಲೆ ಫ್ಯಾನಿನ ಸದ್ದು.

ನಿಲ್ಲಿಸಿ ಮಾವ, ಅವರು ಅಳ್ತಾ ಇದ್ದಾರೆ. ಇದು ಹೊಸ ದನಿ, ಥ್ಯಾಂಕ್ಸ್ ಅಂದ ದನಿ, ಧರ್ಮಣ್ಣ. ಕೊರಗ ಮಾವ ಹೆ ಹೆ ಅಂದರು, ನಾಚಿಕೆ ಅದು, ಅಲ್ಲ ಮಾವ ನಾಚಿಕೆ ಅಲ್ಲ ಅದು, ನನ್ನ ಅಕ್ಕನನ್ನೂ ಹೀಗೇ ಕೂರಿಸಿದ್ದು, ಹೀಗೇ ಅತ್ತದ್ದು ಅವಳು, ನಾಚಿಕೆ ಅಂತಲೇ ಎಲ್ಲರೂ ಹೇಳಿದ್ದು, ಈಗ ಅರ್ಧ ವರ್ಷ ನಮ್ಮಲ್ಲೇ ಇರ್ತಾಳೆ, ಬಾಯಿ ಬಿಟ್ಟು ಒಂದು ಮಾತು ಆಡುವುದಿಲ್ಲ, ಮನಸ್ಸಿಲ್ಲದವರನ್ನು ಒತ್ತಾಯ ಮಾಡಿ ಕೂರಿಸ್ಬೇಡಿ, ನನಗೆ ಅಂಥದ್ದು ಬೇಡ, ಮತ್ತೆ ಯಾರೂ ಇವರಿಗೆ ಬೈಯಬಾರದು, ನಾವು ಹೊರಡುವಾ ಅಮ್ಮ. ಲೋಟ ಕೆಳಗಿಟ್ಟ ಸದ್ದು, ಅಂಗಿ ಎದ್ದುನಿಂತಿತು, ಅಯ್ಯೋ ಹಾಗಲ್ಲ ಹಾಗಲ್ಲ ಅಂತ ಅಮ್ಮ ಪರದೆ ದಾಟಿ ಬಂದೇ ಬಿಟ್ಟಳು, ಖುಷಿಗೆ ಅಳುವುದು ಅವಳು, ಬೇಕಿದ್ರೆ ಅವಳನ್ನೇ ಕೇಳಿ, ಹೇಳೇ ಹೆಣ್ಣೇ, ಖುಷಿಗೆ ಅಲ್ಲವಾ.

ಎಲ್ಲರೂ ನನ್ನ ಕಡೆ ತಿರುಗಿದ್ದು ಕಾಣದಿದ್ದರೂ ಗೊತ್ತಾಯಿತು, ಮೈಗೆ ಗೊತ್ತಾಗುತ್ತದೆ ಅದು, ಖುಷಿಗೆ ಅನ್ನಲಾ, ಅಂದರೆ ಇವನು ಕೂರುತ್ತಾನೆ, ಆಮೇಲೆ ಅಕ್ಕಿ ಡಬ್ಬಿಯೊಳಗಿನ ಬುಡ್ಡಿಯೊಂದಿಗೆ ನಾನು ಇವನ ಮನೆಗೆ ಹೋಗಬೇಕು, ಹಸಿರು ಸೀರೆ ಅದನ್ನು ನೋಡುವ ದಿನ ನೋಡುತ್ತದೆ, ಸುಮ್ಮನಿದ್ದುಬಿಡಲಾ, ಸುಮ್ಮನಿದ್ದರೆ ಇವನು ಹೋಗುತ್ತಾನೆ, ಒಳ್ಳೆಯ ಮಾತಿನಲ್ಲೇ ಹೋಗುತ್ತಾನೆ, ಹುಡುಗಿಗೆ ಮನಸ್ಸಿರಲಿಲ್ಲ ಅಂತ ಊರೆಲ್ಲ ಹೇಳಿದರೂ ಕಣ್ಣಿನ ಮಾತು ಬರುವುದಿಲ್ಲ, ಅಮ್ಮನ ಮಾನ ಉಳಿಯುತ್ತದೆ, ಮುಂದಿನ ಸಂಬಂಧಕ್ಕೆ ಕಾಡಿಗೆ ಇಲ್ಲದೆ ಕೂರಬಹುದು, ಜಾಣರು ಮಾಡುವುದು ಅದನ್ನೇ, ಸುಮ್ಮನಿರು ಸೇವಂತಿ. ಆದರೆ ಇವನು ಯಾರು ನನ್ನ ಮನಸ್ಸು ಹೇಳಲಿಕ್ಕೆ, ಮನಸ್ಸಿಲ್ಲ ಅಂತ ನಾನು ಹೇಳಿದೆನಾ, ಉರಿಯುವ ಕಣ್ಣನ್ನು ನೋಡಿ ಮನಸ್ಸು ಓದಿದನಂತೆ, ದೊಡ್ಡ ಪಂಡಿತ, ಸಿಟ್ಟು ಬರುತ್ತಿದೆ, ಸಿಟ್ಟಿನ ಒಳಗೇ ಇನ್ನೇನೋ ಬರುತ್ತಿದೆ, ಬಂದುಹೋದ ಯಾರಾದರೂ ನನ್ನ ಕಣ್ಣೀರು ನೋಡಿದ್ದರೆ ನಿಲ್ಲಿಸಿ ಅನ್ನುತ್ತಿದ್ದರಾ, ಯಾರೂ ಅನ್ನುತ್ತಿರಲಿಲ್ಲ, ಕಾಫಿ ಕುಡಿದು ಮುಗಿಸುತ್ತಿದ್ದರು, ಇವನ ಕಾಫಿ ಅರ್ಧ ಕೂಡ ಮುಗಿದಿರಲಾರದು, ಅಕ್ಕನ ಮಾತು ಹೇಳುವಾಗ ಇವನ ದನಿ ಸಣ್ಣಗಾಯಿತು, ನನಗೆ ಆ ದನಿ ಇಷ್ಟವಾಯಿತು, ಹೇಳಿಬಿಡುತ್ತೇನೆ ಇಷ್ಟವಾಯಿತು, ಮುಖ ಹೇಗಾದರೂ ಇರಲಿ, ಆದರೆ ಮುಖ ನೋಡದೆ ಕಳಿಸಲಾರೆ, ಒಂದು ಸಲ, ಒಂದೇ ಒಂದು ಸಲ ನೋಡಬೇಕು, ಇವನೂ ಮುಖವಿಲ್ಲದೆ ಬಾಗಿಲು ದಾಟಿದರೆ ನನಗೆ ಹುಚ್ಚು ಹಿಡಿಯುತ್ತದೆ.

ನಾನು ಅಳ್ತಾ ಇಲ್ಲ ಅಂದೆ. ನನ್ನ ದನಿ ಅಷ್ಟು ದೊಡ್ಡದಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ, ಖುಷಿಗೂ ಅಲ್ಲ, ದುಃಖಕ್ಕೂ ಅಲ್ಲ, ಕಣ್ಣಲ್ಲಿ ಲೆನ್ಸು ಉಂಟು, ಅದಕ್ಕೆ ಕಾಡಿಗೆ ತಾಗಿದೆ, ಉರೀತಾ ಉಂಟು, ಅಷ್ಟೇ, ಕೊರಗ ಮಾವ ಸೇವಂತೀ ಅಂತ ಹಲ್ಲು ಕಚ್ಚಿದ್ದು ಕೇಳಿತು, ನಿಲ್ಲಲಿಲ್ಲ ನಾನು, ಕಣ್ಣನ್ನು ಅಗಲ ಮಾಡಿ ಹೊರಮೂಲೆಯನ್ನು ಕಿವಿಯ ಕಡೆಗೆ ಎಳೆದು ರೆಪ್ಪೆ ಬಡಿದೆ, ಟಪ್ ಅಂತ ಅಂಗೈಗೆ ಬಿತ್ತು, ಅಯ್ಯೋ ರಾಮ ಕಣ್ಣಿನಿಂದ ಎಂತ ಬಿತ್ತು ಅದು ಅಂತ ಹಸಿರು ಸೀರೆ ಚೀರಿತು, ಎರಡನೆಯದೂ ಬಿತ್ತು, ಆಹಾ ಎಂಥ ಸುಖ, ಉರಿ ಇಳಿಯಿತು, ಲೋಕ ಪೂರ್ತಿ ಮಾಯವಾಯಿತು. ಇದು ಹಾಕದಿದ್ದರೆ ನನಗೆ ಇಲ್ಲಿಂದ ನಿಮ್ಮ ಮುಖ ಕಾಣುವುದಿಲ್ಲ, ಹಾಕಿದರೂ ಇವತ್ತು ಕಾಣಲಿಲ್ಲ, ನಾನು ದಿನಾ ಹಾಕುವುದು ದಪ್ಪ ಕನ್ನಡಕ, ಮೈನಸ್ ಒಂಬತ್ತು, ಅಕ್ಕಿ ಡಬ್ಬಿಯಲ್ಲಿ ಉಂಟು, ಅಪ್ಪಾ ಒಮ್ಮೆ ತಂದುಕೊಡಿ. ಮೊಣಕಾಲಿಗೆ ಕೈ ಊರಿ ಯಾರೋ ಎದ್ದ ಸದ್ದು, ಅಪ್ಪ, ಒಂದು ಮಾತೂ ಕೇಳದೆ ಒಳಗೆ ಹೋದರು, ಡಬ್ಬಿಯ ಮುಚ್ಚಳ ತೆಗೆದ ಸದ್ದು, ಅಕ್ಕಿ ಸರಿಸುವ ಸದ್ದು, ನೀವು ಸುಮ್ಮನಿರಿ ಅಂತ ಅಮ್ಮ ಅಳುವ ದನಿಯಲ್ಲಿ ಗದರಿದ್ದು, ಇಷ್ಟು ದಿನ ಸುಮ್ಮನಿದ್ದದ್ದೇ ಅಲ್ಲವಾ ನಾನು ಅಂದ ಅಪ್ಪನ ಮಾತು, ಅಪ್ಪನ ಮೇಲೆ ನನಗೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

ನೋಡ್ಬಹುದಾ ಅದನ್ನು, ಧರ್ಮಣ್ಣನ ದನಿ, ಹತ್ತಿರ, ಎದ್ದವನು ನನ್ನ ಎದುರು ಚಾಪೆಯ ಮೇಲೆ ಮತ್ತೆ ಕೂತಿದ್ದಾನೆ, ಎಂತದ್ದು ಇದು, ಗಾಜಾ, ಅಲ್ಲ ಪ್ಲಾಸ್ಟಿಕ್ಕು, ಬಂದವರಿಗೆಂದು ಇಟ್ಟಿದ್ದ ನೀರಿನ ಲೋಟಕ್ಕೆ ಬೆರಳು ಅದ್ದಿ ಲೆನ್ಸಿನ ಮೇಲೆ ಹನಿಸಿದೆ, ಕಣ್ಣಿನ ಹತ್ತಿರ ಹಿಡಿದೆ, ಹನಿ ಗುಂಡಗೆ ಎದ್ದು ಕೂತು ಜಾರಿಹೋಯಿತು, ನೋಡಿ ನಿಲ್ಲುವುದಿಲ್ಲ, ಕಾಡಿಗೆಯ ಎಣ್ಣೆ, ನಿನ್ನೆ ನಮ್ಮ ಲ್ಯಾಬಿನಲ್ಲಿ ಕರೆಂಟಿನ ಬೆಳಕಿನಲ್ಲಿಟ್ಟು ತಂದಿದ್ದೆ, ಆಗ ನೀರು ಚಂದ ಹಾಸಿಕೊಳ್ತಿತ್ತು, ಈಗ ಮತ್ತೆ ಹಳೇ ಗುಣ, ನಾನು ಯಾಕೆ ಇದನ್ನೆಲ್ಲ ಇವನಿಗೆ ಹೇಳುತ್ತಿದ್ದೇನೆ, ಬಾಯಿ ನಿಲ್ಲುತ್ತಿಲ್ಲ, ಎಣ್ಣೆ ಬಿದ್ದರೆ ಪೈಂಟೂ ಕೂರುವುದಿಲ್ಲ ಅಂದ ಅವನು, ನಮ್ಮಲ್ಲೂ ಹಾಗೇ, ಮೊದಲು ಒರೆಸಿ ಒರೆಸಿ ಸಾಕಾಗ್ತದೆ, ಇಲ್ಲಿ ಕೊಡಿ ಅಂದ, ಜಾಗ್ರತೆ, ಫ್ಯಾನಿನ ಗಾಳಿಗೆ ಹಾರ್ತದೆ ಅಂದೆ, ಫ್ಯಾನು ಬಂದ್ ಮಾಡಿ ಯಾರಾದ್ರೂ ಅಂದ ಅವನು, ಸ್ವಿಚ್ಚು ಟಿಕ್ ಅಂದಿತು. ಒಂದನ್ನು ಮುಷ್ಟಿಯಲ್ಲಿ ಉಳಿಸಿಕೊಂಡೆ, ಇನ್ನೊಂದನ್ನು ತಡಕಾಡುತ್ತ ಅವನ ಕೈಗೆ ದಾಟಿಸಿದೆ, ಬೆರಳಿಗೆ ಬೆರಳು ತಾಗಿತು, ಒರಟು ಬೆರಳು, ಅಷ್ಟರಲ್ಲಿ ಅಪ್ಪ ಬಂದರು, ಕನ್ನಡಕವನ್ನು ಪಂಚೆಯ ಅಂಚಿನಲ್ಲಿ ಒರೆಸಿ ನನ್ನ ಕೈಗಿಟ್ಟರು, ಇನ್ನೂ ಅಕ್ಕಿಯ ಬಿಳಿ ಪುಡಿ ಅಂಟಿತ್ತು, ಹಾಕಿಕೊಂಡೆ.

ಮುಖ. ಕೊನೆಗೂ ಒಂದು ಮುಖ, ಸಿನಿಮಾದ ಮುಖವೇನಲ್ಲ, ಕೆನ್ನೆಯಲ್ಲಿ ಸಿಡುಬಿನ ಕಲೆ, ಒಂದು ಕಿವಿ ಸ್ವಲ್ಪ ಎದ್ದುಕೊಂಡಿದೆ, ಕ್ಷೌರ ಮಾಡುವಾಗ ಗದ್ದದಲ್ಲಿ ಕೊಯ್ದುಕೊಂಡಿದ್ದಾನೆ, ಹುಬ್ಬು ಗಂಟಿಕ್ಕಿದೆ, ನನ್ನನ್ನು ನೋಡುತ್ತಿಲ್ಲ ಅವನು, ಅಂಗೈಯನ್ನು ನೋಡುತ್ತಿದ್ದಾನೆ, ಆಮೇಲೆ ನೋಡಿದ, ನನ್ನ ಕನ್ನಡಕವನ್ನು, ಕಪ್ಪು ಹರಿದ ಕೆನ್ನೆಯನ್ನು, ಮತ್ತೆ ಕನ್ನಡಕವನ್ನು, ನಾನೂ ಕಣ್ಣು ಕೆಳಗಿಳಿಸಲಿಲ್ಲ. ಏಳು ಧರ್ಮಣ್ಣ, ಅವನ ತಾಯಿ ಎದ್ದು ನಿಂತಿದ್ದಾರೆ, ಹಸಿರು ಸೀರೆಗೂ ಈಗ ಮುಖವಿದೆ, ದಣಿದ ಮುಖ, ತುಟಿ ಬಿಗಿದಿದೆ, ಹುಡುಗಿಯನ್ನು ನಾನು ಎಂತ ಹೇಳುವುದಿಲ್ಲ, ಬಾಯಿ ಬಿಟ್ಟದ್ದು ಅವಳೊಬ್ಬಳೇ, ಆದರೆ ನಾನು ಅಷ್ಟು ಬಾಯಿ ಬಿಟ್ಟು ಕೇಳಿದ ಮೇಲೂ ಸೂಜಿ ದಾರ ಅಂತ ಕತೆ ಹೇಳಿದರಲ್ಲ ಇವರು, ಸಾಕು ನಡಿ, ಕೊರಗ ಮಾವ ಅಕ್ಕಾ ಕೂತುಕೊಳ್ಳಿ ಅಕ್ಕಾ ಅನ್ನುತ್ತ ಅವರ ಹಿಂದೆಯೇ ಬಾಗಿಲಿಗೆ ಹೋದರು, ಹೊರಗೆ ಪ್ಯಾಸೇಜಿನಲ್ಲಿ ಚಪ್ಪಲಿ ಹುಡುಕುವ ಸದ್ದು. ಬಂದೆ ಅಮ್ಮ ಅಂದ ಅವನು, ಆದರೆ ಏಳಲಿಲ್ಲ, ಸ್ವಲ್ಪ ನಿಲ್ಲಿ, ಇದು ಉಂಟಲ್ಲ ಕೈಯಲ್ಲಿ, ಎದ್ದರೆ ಬೀಳ್ತದೆ.

ನಾನು ಆ ಕೈಯನ್ನು ನೋಡಿದೆ, ದೊಡ್ಡ ಅಂಗೈ, ಎಷ್ಟು ತಿಕ್ಕಿದರೂ ಹೋಗದ ಮೆಶಿನ್ನಿನ ಮಸಿ ಗೆರೆಗೆರೆಯಲ್ಲೂ ಕೂತಿದೆ, ನಡುವೆ ಲೆನ್ಸು, ಇದ್ದಷ್ಟು ಎಣ್ಣೆ ಸಾಲದೆಂದು ಇನ್ನೂ ಎಣ್ಣೆ, ರಾಯರು ನೋಡಿದ್ದರೆ ಹಣೆ ಬಡಿದುಕೊಳ್ಳುತ್ತಿದ್ದರು, ಬೆರಳುಗಳನ್ನು ಮಡಿಸುತ್ತಿಲ್ಲ, ಮಡಿಸಿದರೆ ಒಡೆದೀತೆಂದು ಹೆದರಿ ಬಿಡಿಸಿಯೇ ಇಟ್ಟುಕೊಂಡಿದ್ದಾನೆ, ತಗೊಳ್ಳೇ ಹೆಣ್ಣೇ ಅದನ್ನು, ಅವರಿಗೆ ಹೋಗ್ಲಿಕ್ಕಿಲ್ಲವಾ ಅಂತ ಅಮ್ಮ ಹಿಂದಿನಿಂದ, ಅತ್ತು ಅತ್ತು ಮೂಗು ಕಟ್ಟಿದ ದನಿ, ಹೌದು ತೆಗೆದುಕೊಳ್ಳಬೇಕು, ಕೈ ಚಾಚಿದರೆ ಮುಗಿಯಿತು, ಅವನು ಎದ್ದು ಹೋಗಬಹುದು, ಕೈ ಚಾಚುವುದು ಏನು ದೊಡ್ಡ ವಿಷಯ, ಇಷ್ಟು ಹತ್ತಿರ ಇದೆ, ಕನ್ನಡಕವಿಲ್ಲದಿದ್ದರೂ ಕಾಣುವಷ್ಟು ಹತ್ತಿರ, ಅಂಗೈ, ಅಂಗೈಯ ಗೆರೆ, ಗೆರೆಯೊಳಗಿನ ಮಸಿ, ಧರ್ಮಣ್ಣಾ ಅಂತ ಬಾಗಿಲಿನಿಂದ ಕರೆ, ಅಂಗೈ ಅಲುಗಲಿಲ್ಲ, ತಗೊಳ್ಳೇ ಅಂತ ಅಮ್ಮ, ಅವನು ತಲೆ ಎತ್ತಿ ನನ್ನನ್ನು ನೋಡಿದ, ತೆಗೆದುಕೊಳ್ಳಿ ಅನ್ನಲಿಲ್ಲ, ನಾನು ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಒತ್ತಿ ಹಿಡಿದುಕೊಂಡೆ, ಚಾಚಲಿಲ್ಲ, ಧರ್ಮಣ್ಣಾ ಅಂತ ಇನ್ನೊಮ್ಮೆ ಕರೆ, ಇನ್ನೂ ದೂರದಿಂದ, ಮೆಟ್ಟಿಲಿನಿಂದ, ಅಂಗೈ ಹಾಗೇ ಇದೆ, ತೆರೆದುಕೊಂಡು, ಅಂಗೈ —